ಯಮನ್: ಸಂಧಾನದ ಕೋಣೆಯಲ್ಲಿ ಯಾರಿದ್ದರು, ಯಾರಿರಲಿಲ್ಲ?

ಕೆಲವು ವಾರಗಳ ಹಿಂದೆ ಜುಮಾ ನಮಾಝಿನ ಬಳಿಕ ಯಮನ್‌ನ ಜನರಿಗಾಗಿ ದುಆ ಮಾಡಿದೆವು. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಕಾಲೇಜಿಗೆ ಹೋಗುವ ಯುವಕನೊಬ್ಬ ಕೇಳಿದ: "ಉಸ್ತಾದ್, ಅಲ್ಲಿ ಕೊಲ್ಲುವವರೂ ಮುಸ್ಲಿಮರು, ಸಾಯುವವರೂ ಮುಸ್ಲಿಮರು. ಶಿಯಾ-ಸುನ್ನಿ ಜಗಳಕ್ಕೆ ನಾವು ಯಾರ ಪರವಾಗಿ ದುಆ ಮಾಡುವುದು?" ಪಕ್ಕದಲ್ಲಿದ್ದ ಹಿರಿಯರು, "ಎಲ್ಲ ಅಮೆರಿಕದ ಆಟ ಮಗಾ" ಎಂದು ಮಾತು ಮುಗಿಸಿಬಿಟ್ಟರು.

ಎರಡೂ ಉತ್ತರಗಳು ಬಾಯಿಗೆ ಸುಲಭ. ಆದರೆ ಹಾಗೆ ಹೇಳಿಬಿಟ್ಟರೆ ಮುಂದೆ ಏನನ್ನೂ ತಿಳಿಯುವ ಅಗತ್ಯ ಉಳಿಯುವುದಿಲ್ಲ. ಆ ಯುವಕನಿಗೆ ಕೊಡಬೇಕಾದ ಉತ್ತರ ಹದಿನೈದು ನಿಮಿಷದ ಖುತ್ಬಾದಲ್ಲಿ ಹಿಡಿಯದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಯಮನ್ ನಮಗೆ ದೂರದ ದೇಶವಲ್ಲ. ನಮ್ಮ ಕರಾವಳಿಯ ಮುಸ್ಲಿಮರು ಅನುಸರಿಸುವ ಶಾಫಿಈ ಮದ್‌ಹಬ್ ಯಮನ್‌ನ ತಗ್ಗು ನಾಡಿನದ್ದೂ ಹೌದು. ಕೇರಳದಲ್ಲೂ ನಮ್ಮ ಕರಾವಳಿಯಲ್ಲೂ ನೆಲೆಸಿದ ಹಲವು ತಂಙಳ್ ಮನೆತನಗಳು ತಮ್ಮ ಮೂಲವನ್ನು ಹಳ್ರಮೌತ್‌ನ ತರೀಮ್ ಪಟ್ಟಣಕ್ಕೆ ಒಯ್ಯುತ್ತವೆ. ಚಿಕ್ಕಮಗಳೂರಿನ ಗಿರಿಗೆ ಬಾಬಾ ಬುಡನ್ ಅವರು ಏಳು ಕಾಫಿ ಬೀಜಗಳನ್ನು ತಂದದ್ದು ಯಮನ್‌ನ ಮೋಖಾ ಬಂದರಿನಿಂದ ಎಂಬ ಐತಿಹ್ಯ ನಮ್ಮೆಲ್ಲರ ಮನೆಗಳಲ್ಲಿದೆ. ಆ ನಾಡಿನ ಜನರ ಹೃದಯದ ಮೃದುತ್ವವನ್ನು ಪ್ರವಾದಿ(ಸ)ರು ಹೊಗಳಿದ್ದರು. ಅಂತಹ ನಾಡಿನಲ್ಲಿ 2021ರ ಕೊನೆಯ ಹೊತ್ತಿಗೆ ಯುದ್ಧದಿಂದಾಗಿ 3,77,000 ಜನರು ಸತ್ತಿರಬಹುದೆಂದು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಅಂದಾಜು ಮಾಡಿತು. ಅವರಲ್ಲಿ ಸುಮಾರು ಶೇ. 60 ಮಂದಿ ಗುಂಡಿಗೆ, ಬಾಂಬಿಗೆ ಸತ್ತವರಲ್ಲ. ಹಸಿವು, ಕಾಯಿಲೆ, ಮದ್ದಿಲ್ಲದ ಆಸ್ಪತ್ರೆ ಅವರನ್ನು ಕೊಂದವು.

ಜಗತ್ತು ಯಮನನ್ನು ಮರೆತಿತ್ತು ಎನ್ನುವಂತೆಯೂ ಇಲ್ಲ. 2011ರಿಂದಲೇ ಅಲ್ಲಿಗೆ ದೂತರು ಹೋದರು, ನಿರ್ಣಯಗಳಾದವು, ಒಪ್ಪಂದಗಳಿಗೆ ಸಹಿ ಬಿತ್ತು. ಒಂದು ಕಾಲದಲ್ಲಿ ಅರಬ್ ನಾಡುಗಳಿಗೆಲ್ಲ ಯಮನ್ ಮಾದರಿ ಎಂದು ರಾಜತಾಂತ್ರಿಕರು ಹೊಗಳಿದ್ದೂ ಉಂಟು. ಅಷ್ಟೆಲ್ಲ ಆದಮೇಲೂ ಹೀಗೇಕಾಯಿತು?

ಒಂದು ಹೆಸರು, ಹಲವು ನಾಡು

ಯಮನ್ ಒಂದೇ ದೇಶವಾದದ್ದು 1990ರ ಮೇ 22ರಂದು. ಅದಕ್ಕೂ ಮೊದಲು ಎರಡು ಯಮನ್‌ಗಳಿದ್ದವು. ಉತ್ತರದ ಬೆಟ್ಟಗಳಲ್ಲಿ ಝೈದಿ ಇಮಾಮರ ಆಳ್ವಿಕೆ ಶತಮಾನಗಳ ಕಾಲ ಇದ್ದು, 1962ರಲ್ಲಿ ಸೇನೆಯ ಕ್ರಾಂತಿಯಿಂದ ಕೊನೆಗೊಂಡಿತು. ದಕ್ಷಿಣದ ಏಡನ್ ಬಂದರನ್ನು 1839ರಲ್ಲಿ ಬ್ರಿಟಿಷರು ಹಿಡಿದಿದ್ದರು. 1967ರಲ್ಲಿ ಅವರು ಹೊರಟ ಮೇಲೆ ಅಲ್ಲಿ ಎಡಪಂಥೀಯ ಸರಕಾರ ಬಂತು.

ಶಿಯಾ-ಸುನ್ನಿ ಎಂದು ಪ್ರಶ್ನೆ ಕೇಳಿದ ಯುವಕ ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. 1962ರ ನಂತರದ ಅಂತರ್ಯುದ್ಧದಲ್ಲಿ ಝೈದಿ ಇಮಾಮರ ಬೆಂಬಲಕ್ಕೆ ನಿಂತದ್ದು ಸೌದಿ ಅರೇಬಿಯಾ. ಗಣರಾಜ್ಯದ ಬೆಂಬಲಕ್ಕೆ ಸೇನೆ ಕಳಿಸಿದ್ದು ಈಜಿಪ್ಟಿನ ನಾಸಿರ್. ಝೈದಿಗಳು ಶಿಯಾ ಶಾಖೆಯವರೆಂಬುದು ಅಂದು ರಿಯಾದ್‌ಗೆ ಅಡ್ಡಿಯಾಗಲಿಲ್ಲ. ಮುಂದೆ ಹೌತಿಗಳ ಮೇಲೆ ಯುದ್ಧ ಸಾರಿದ ಅಧ್ಯಕ್ಷ ಅಲಿ ಅಬ್ದುಲ್ಲಾ ಸಾಲೆಹ್ ಕೂಡ ಝೈದಿ ಮನೆತನದಲ್ಲೇ ಹುಟ್ಟಿದವರು. ಮದ್‌ಹಬ್‌ಗಳ ಭೇದ ಯಮನ್‌ನಲ್ಲಿ ಇತ್ತು, ಇದೆ. ಆದರೆ ಇಬ್ಬರೂ ಒಂದೇ ಮಸೀದಿಯಲ್ಲಿ ಒಂದೇ ಸಫ್‌ನಲ್ಲಿ ನಿಲ್ಲುತ್ತಿದ್ದ ನಾಡು ಅದು. ಯುದ್ಧಕ್ಕೆ ಕಾರಣ ಅಧಿಕಾರ, ನೆಲ ಮತ್ತು ಹಣ. ಪಂಗಡದ ಹೆಸರು ಆಮೇಲೆ ಅಂಟಿಕೊಂಡಿತು, ಕೆಲವರು ಬೇಕೆಂದೇ ಅಂಟಿಸಿದರು.

ಸಾಲೆಹ್ 1978ರಲ್ಲಿ ಉತ್ತರದ ಅಧ್ಯಕ್ಷರಾದರು, 1990ರಿಂದ ಇಡೀ ಯಮನ್‌ನ ಅಧ್ಯಕ್ಷರಾದರು. ಯಮನ್ ಆಳುವುದೆಂದರೆ ಹಾವುಗಳ ಹೆಡೆಯ ಮೇಲೆ ಕುಣಿದಂತೆ ಎಂದು ಅವರೇ ಹೇಳುತ್ತಿದ್ದರು. ಒಬ್ಬ ಶೈಖ್‌ನನ್ನು ಇನ್ನೊಬ್ಬನ ಮೇಲೆ, ಒಂದು ಬುಡಕಟ್ಟನ್ನು ಇನ್ನೊಂದರ ಮೇಲೆ ಎತ್ತಿಕಟ್ಟಿ, ಯಾರಿಗೆ ಎಷ್ಟು ಬೇಕೋ ಅಷ್ಟು ಹಂಚಿ ಮೂರು ದಶಕ ಉಳಿದರು. 1994ರಲ್ಲಿ ಬೇರೆಯಾಗಲು ಹೊರಟ ದಕ್ಷಿಣವನ್ನು ಸೇನೆಯಿಂದ ಬಗ್ಗಿಸಿದರು. ಅಲ್ಲಿಯ ಅಧಿಕಾರಿಗಳು, ಸೈನಿಕರು ಕೆಲಸ ಕಳಕೊಂಡರು. ಆ ಸಿಟ್ಟಿನಿಂದ 2007ರಲ್ಲಿ ಹಿರಾಕ್ ಚಳವಳಿ ಹುಟ್ಟಿತು. ಉತ್ತರದ ಸಅದಾ ಪ್ರಾಂತದಲ್ಲಿ ಹೌತಿಗಳ ವಿರುದ್ಧ 2004ರಿಂದ 2010ರ ನಡುವೆ ಆರು ಬಾರಿ ಯುದ್ಧವಾಯಿತು. ಸೇನೆಯ ಮುಖ್ಯ ದಳಗಳು ಸಾಲೆಹ್‌ರ ಮಗ ಮತ್ತು ಅಣ್ಣನ ಮಗನ ಕೈಯಲ್ಲಿದ್ದವು. ಹೊರಗಿನಿಂದ ನೋಡಿದರೆ ಒಬ್ಬನೇ ಬಲಿಷ್ಠ ಆಳುಗ, ಒಳಗೆ ನಾಲ್ಕು ದಿಕ್ಕಿಗೂ ಬಿರುಕು.

ರಿಯಾದ್‌ನ ಸಹಿ

2011ರ ಆರಂಭದಲ್ಲಿ ಟ್ಯುನೀಶಿಯಾ ಮತ್ತು ಈಜಿಪ್ಟಿನ ಗಾಳಿ ಯಮನಿಗೂ ಬೀಸಿತು. ಸನಾ ವಿಶ್ವವಿದ್ಯಾನಿಲಯದ ಮುಂದೆ ಯುವಕ ಯುವತಿಯರು ಡೇರೆ ಹಾಕಿ ಕುಳಿತರು. ಬಂದೂಕಿಲ್ಲದ ಮನೆಯೇ ಅಪರೂಪ ಎನ್ನುವ ದೇಶದಲ್ಲಿ ಬುಡಕಟ್ಟಿನ ಜನರು ಆಯುಧ ಮನೆಯಲ್ಲಿಟ್ಟು ಚೌಕಕ್ಕೆ ಬಂದರು. ಮಾರ್ಚ್ 18ರ ಶುಕ್ರವಾರ, ಜುಮಾ ಮುಗಿಯುತ್ತಿದ್ದಂತೆ ಮನೆಗಳ ಮೇಲಿಂದ ಬಂದೂಕುಧಾರಿಗಳು ಗುಂಡು ಹಾರಿಸಿ 50ಕ್ಕೂ ಹೆಚ್ಚು ಮಂದಿಯನ್ನು ಕೊಂದರು. ಆ ಚೌಕದ ಮುಂಚೂಣಿಯಲ್ಲಿದ್ದ ತವಕ್ಕುಲ್ ಕರ್ಮಾನ್ ಅವರಿಗೆ ಅದೇ ವರ್ಷ ಶಾಂತಿ ನೊಬೆಲ್ ಹಂಚಿಕೆಯಾಯಿತು.

ಹೊರಗಿನವರಿಗೆ ಇದ್ದ ಚಿಂತೆಗಳೇ ಬೇರೆ. ಅಮೆರಿಕಕ್ಕೆ ಅಲ್ ಕಾಯಿದಾದ ಭಯ, ಆ ಕೆಲಸಕ್ಕೆ ಸಾಲೆಹ್ ಕುಟುಂಬದ ದಳಗಳನ್ನೇ ಅದು ನೆಚ್ಚಿಕೊಂಡಿತ್ತು. ಸೌದಿಗೆ ತನ್ನ ಗಡಿಯ ಪಕ್ಕ ದೇಶವೊಂದು ಕುಸಿಯುವ ಭಯ, ಜನರ ಚಳವಳಿ ತನ್ನಲ್ಲಿಗೂ ಬಂದೀತೆಂಬ ಭಯ. ಕೊಲ್ಲಿ ಸಹಕಾರ ಮಂಡಳಿ ಒಂದು ಯೋಜನೆ ಮಾಡಿತು: ಸಾಲೆಹ್ ಇಳಿಯಬೇಕು, ಅವರ ಉಪಾಧ್ಯಕ್ಷ ಅಬ್ದುರಬ್ಬು ಮನ್ಸೂರ್ ಹಾದಿ ಏರಬೇಕು, ಹಳೆಯ ಪಕ್ಷ ಮತ್ತು ವಿರೋಧ ಪಕ್ಷಗಳು ಸಚಿವ ಸ್ಥಾನಗಳನ್ನು ಅರ್ಧ ಅರ್ಧ ಹಂಚಿಕೊಳ್ಳಬೇಕು. ಬದಲಿಗೆ ಸಾಲೆಹ್ ಮತ್ತು ಅವರ ಜೊತೆ ದುಡಿದವರ ಮೇಲೆ ಯಾವ ಮೊಕದ್ದಮೆಯೂ ಇಲ್ಲ.

ಸಾಲೆಹ್ ಮೂರು ಬಾರಿ ಸಹಿಯ ಹತ್ತಿರ ಬಂದು ಹಿಂದೆ ಸರಿದರು. ಜೂನ್ 3ರಂದು ಅರಮನೆಯ ಮಸೀದಿಯಲ್ಲಿ ಬಾಂಬ್ ಸಿಡಿದು ಅವರು ಸುಟ್ಟ ಗಾಯಗಳೊಂದಿಗೆ ಚಿಕಿತ್ಸೆಗಾಗಿ ರಿಯಾದ್ ಸೇರಿದರು, ಸೆಪ್ಟೆಂಬರ್‌ನಲ್ಲಿ ಮರಳಿದರು. ಅಕ್ಟೋಬರ್‌ನಲ್ಲಿ ಭದ್ರತಾ ಮಂಡಳಿ ಒಮ್ಮತದ ನಿರ್ಣಯ ಹೊರಡಿಸಿ ಒತ್ತಡ ಹಾಕಿತು. ಕೊನೆಗೆ 2011ರ ನವೆಂಬರ್ 23ರಂದು ರಿಯಾದ್‌ನಲ್ಲಿ ಅವರು ನಗುನಗುತ್ತಾ ಸಹಿ ಹಾಕಿದರು. 2012ರ ಜನವರಿಯಲ್ಲಿ ಸಂಸತ್ತು ಕ್ಷಮಾದಾನದ ಕಾನೂನು ಮಾಡಿತು. ಫೆಬ್ರವರಿಯಲ್ಲಿ ಒಬ್ಬರೇ ಅಭ್ಯರ್ಥಿಯಿದ್ದ ಮತದಾನದಲ್ಲಿ ಹಾದಿ ಅಧ್ಯಕ್ಷರಾದರು.

ನ್ಯಾಯವಾಗಿ ಹೇಳಬೇಕೆಂದರೆ ಆ ಸಹಿ ಅಂದು ರಕ್ತಪಾತವನ್ನು ತಡೆದದ್ದು ನಿಜ. ಅದೇ ಹೊತ್ತಿಗೆ ಲಿಬಿಯಾ ಮತ್ತು ಸಿರಿಯಾ ಹೊತ್ತಿ ಉರಿಯುತ್ತಿದ್ದವು. ಸನಾದಲ್ಲಿ ಬಂದೂಕುಗಳು ಸುಮ್ಮನಾದವು. ಆದರೆ ಆ ಕೋಣೆಯಲ್ಲಿ ಇದ್ದವರು ಹಳೆಯ ಆಡಳಿತದವರು ಮತ್ತು ಅದರ ಹಳೆಯ ಪಾಲುದಾರರು. ಚೌಕದ ಯುವಜನರು ಅಲ್ಲಿರಲಿಲ್ಲ, ಹೌತಿಗಳು ಇರಲಿಲ್ಲ, ದಕ್ಷಿಣದ ಹಿರಾಕ್ ಇರಲಿಲ್ಲ. ಜುಮಾದ ದಿನ ಸತ್ತವರ ತಾಯಂದಿರನ್ನು ಯಾರೂ ಕೇಳಲಿಲ್ಲ. ಅವರ ಪರವಾಗಿ ಬೇರೆಯವರು ಮಾಫಿ ಕೊಟ್ಟರು. ಸಾಲೆಹ್ ದೇಶ ಬಿಡಲಿಲ್ಲ, ರಾಜಕೀಯವನ್ನೂ ಬಿಡಲಿಲ್ಲ. ಸನಾದಲ್ಲೇ ಕುಳಿತು ತಮ್ಮ ಪಕ್ಷದ ಅಧ್ಯಕ್ಷರಾಗಿ ಉಳಿದರು.

ಹೋಟೆಲಿನ ಮಾತು, ಬೀದಿಯ ಬೆಲೆ

ಈ ಕೊರತೆ ತುಂಬಲು ವಿಶ್ವಸಂಸ್ಥೆಯ ದೂತ, ಮೊರಾಕ್ಕೊದ ಜಮಾಲ್ ಬೆನೊಮರ್ ನೆರವಿನಲ್ಲಿ ರಾಷ್ಟ್ರೀಯ ಸಂವಾದ ಸಮ್ಮೇಳನ ನಡೆಯಿತು. 2013ರ ಮಾರ್ಚ್ 18ರಿಂದ, ಅಂದರೆ ಆ ಶುಕ್ರವಾರದ ಎರಡನೇ ವರ್ಷಕ್ಕೆ ಸರಿಯಾಗಿ, 2014ರ ಜನವರಿಯವರೆಗೆ 565 ಪ್ರತಿನಿಧಿಗಳು ಸನಾದ ಐಷಾರಾಮಿ ಹೋಟೆಲೊಂದರಲ್ಲಿ ಕುಳಿತು ಮಾತಾಡಿದರು. ಮಹಿಳೆಯರಿಗೆ ಶೇ. 30, ಯುವಜನರಿಗೆ ಶೇ. 20 ಸ್ಥಾನ. ಈಗ ಹೌತಿಗಳೂ ಇದ್ದರು, ದಕ್ಷಿಣದವರಲ್ಲಿ ಕೆಲವರೂ ಇದ್ದರು. ಅರಬ್ ಜಗತ್ತಿನಲ್ಲಿ ಅಂತಹ ಮಜ್ಲಿಸ್ ಅಪರೂಪ. ಅದನ್ನು ನಾವು ಹಗುರವಾಗಿ ಕಾಣಬಾರದು.

ಕೊನೆಯ ನಿರ್ಧಾರ ಮಾತ್ರ ಆ ಮಜ್ಲಿಸ್‌ನಿಂದ ಬರಲಿಲ್ಲ. ಅಧ್ಯಕ್ಷರ ಸಣ್ಣ ಸಮಿತಿಯೊಂದು 2014ರ ಫೆಬ್ರವರಿಯಲ್ಲಿ ದೇಶವನ್ನು ಆರು ಪ್ರಾಂತಗಳಾಗಿ ವಿಂಗಡಿಸಿತು. ಹೌತಿಗಳ ಬೆಟ್ಟನಾಡು ಸಮುದ್ರವೂ ಇಲ್ಲದ, ಎಣ್ಣೆಯೂ ಇಲ್ಲದ ಪ್ರಾಂತಕ್ಕೆ ಸೇರಿತು. ಅವರು ಒಪ್ಪಲಿಲ್ಲ. ದಕ್ಷಿಣವನ್ನು ಎರಡಾಗಿ ಒಡೆದದ್ದನ್ನು ಅಲ್ಲಿಯವರೂ ಒಪ್ಪಲಿಲ್ಲ.

ಹೋಟೆಲಿನಲ್ಲಿ ಮಾತು ನಡೆಯುತ್ತಿದ್ದ ಕಾಲಕ್ಕೆ ಹೊರಗೆ ಕರೆಂಟು ಹೋಗುತ್ತಿತ್ತು, ಕೆಲಸ ಸಿಗುತ್ತಿರಲಿಲ್ಲ. 2014ರ ಜುಲೈ ಕೊನೆಗೆ, ಈದುಲ್ ಫಿತ್ರ್‌ನ ದಿನಗಳಲ್ಲಿ, ಖಜಾನೆ ಬರಿದಾದ ಸರಕಾರ ಇಂಧನದ ಸಬ್ಸಿಡಿ ಕಿತ್ತುಹಾಕಿತು. ಸಾಲ ಕೊಡುವ ಅಂತಾರಾಷ್ಟ್ರೀಯ ಸಂಸ್ಥೆಗಳು ಬಹುಕಾಲದಿಂದ ಕೇಳುತ್ತಿದ್ದ ಸುಧಾರಣೆ ಅದು. ಪಂಪಿನಿಂದ ಹೊಲಕ್ಕೆ ನೀರೆತ್ತುವ ರೈತನಿಗೆ ಡೀಸೆಲ್ ಬೆಲೆ ಹೆಚ್ಚು ಕಡಿಮೆ ಎರಡರಷ್ಟಾಯಿತು. ಬಡವರ ಆ ಸಿಟ್ಟಿನ ಬೆನ್ನೇರಿ ಹೌತಿಗಳು ರಾಜಧಾನಿಗೆ ಬಂದರು. ಸೆಪ್ಟೆಂಬರ್ 21ರಂದು ಸನಾ ಅವರ ಕೈಗೆ ಬಿತ್ತು. ಸೇನೆ ಎದುರು ನಿಲ್ಲಲಿಲ್ಲ, ಏಕೆಂದರೆ ಅದರ ದೊಡ್ಡ ಪಾಲು ಇನ್ನೂ ಸಾಲೆಹ್‌ರ ಮಾತು ಕೇಳುತ್ತಿತ್ತು. ಆರು ಬಾರಿ ಹೌತಿಗಳೊಂದಿಗೆ ಯುದ್ಧ ಮಾಡಿದ ಸಾಲೆಹ್, ಕ್ಷಮಾದಾನ ಪಡೆದು ಮನೆಯಲ್ಲಿ ಕುಳಿತ ಸಾಲೆಹ್, ಈಗ ಅದೇ ಹೌತಿಗಳ ಜೊತೆಗಿದ್ದರು. ಸ್ನೇಹ ಮೂರು ವರ್ಷ ಬಾಳಿತು. 2017ರ ಡಿಸೆಂಬರ್ 4ರಂದು ಹೌತಿಗಳೇ ಅವರನ್ನು ಕೊಂದರು.

ಶರಣಾಗತಿ ಕೇಳಿದ ನಿರ್ಣಯ

2015ರ ಆರಂಭದಲ್ಲಿ ಹಾದಿ ಗೃಹಬಂಧನದಿಂದ ಏಡನ್‌ಗೆ ತಪ್ಪಿಸಿಕೊಂಡರು, ಅಲ್ಲಿಂದ ರಿಯಾದ್‌ಗೆ. ಮಾರ್ಚ್ 26ರಂದು ಸೌದಿ ನೇತೃತ್ವದ ಒಕ್ಕೂಟ ವಿಮಾನ ದಾಳಿ ಆರಂಭಿಸಿತು. ಏಪ್ರಿಲ್ 14ರಂದು ಭದ್ರತಾ ಮಂಡಳಿ 2216ನೇ ನಿರ್ಣಯವನ್ನು 14 ಮತಗಳಿಂದ ಅಂಗೀಕರಿಸಿತು. ರಷ್ಯಾ ಮತ ಹಾಕದೆ ಉಳಿಯಿತು. ಹೌತಿಗಳು ಹಿಡಿದ ಊರುಗಳನ್ನು ಬಿಡಬೇಕು, ಆಯುಧ ಒಪ್ಪಿಸಬೇಕು ಎಂದು ಅದು ಹೇಳಿತು. ವಿಮಾನ ದಾಳಿಯನ್ನು ನಿಲ್ಲಿಸಿರೆಂದು ಹೇಳಲಿಲ್ಲ. ಒಂದು ಕಡೆಯವರು ಮೊದಲು ಶರಣಾಗಬೇಕು, ಆಮೇಲೆ ಮಾತುಕತೆ ಎಂದಾಗ ಮಾತುಕತೆಗೆ ಜಾಗ ಎಲ್ಲಿ? 2016ರಲ್ಲಿ ಕುವೈತ್‌ನಲ್ಲಿ ಮೂರು ತಿಂಗಳು ಸಂಧಾನ ನಡೆದರೂ ಈ ಗಂಟು ಬಿಚ್ಚಲಿಲ್ಲ.

ಆಮೇಲಿನದ್ದನ್ನು ಬರೆಯಲು ಕೈ ಏಳುವುದಿಲ್ಲ. 2016ರ ಅಕ್ಟೋಬರ್‌ನಲ್ಲಿ ಸನಾದ ಸಭಾಂಗಣವೊಂದರಲ್ಲಿ ಸಂತಾಪಕ್ಕೆ ಸೇರಿದ್ದವರ ಮೇಲೆ ಒಕ್ಕೂಟದ ಬಾಂಬ್ ಬಿದ್ದು ಸುಮಾರು 140 ಜನರು ಸತ್ತರು. 2018ರ ಆಗಸ್ಟ್‌ನಲ್ಲಿ ಸಅದಾದಲ್ಲಿ ಬಸ್ಸಿನ ಮೇಲಿನ ದಾಳಿಯಲ್ಲಿ 40 ಮಕ್ಕಳು ಹೋದರು. ಹೌತಿಗಳ ಕೈಯೂ ಶುದ್ಧವಾಗಿಲ್ಲ. ತಈಝ್ ನಗರವನ್ನು ವರ್ಷಗಟ್ಟಲೆ ಮುತ್ತಿದರು, ಹೊಲಗಳಲ್ಲಿ ನೆಲಬಾಂಬ್ ಹುಗಿದರು, ಮಕ್ಕಳ ಕೈಗೆ ಬಂದೂಕು ಕೊಟ್ಟರು, ಪತ್ರಕರ್ತರನ್ನೂ ನೆರವಿನ ಕೆಲಸಗಾರರನ್ನೂ ಸೆರೆಯಲ್ಲಿಟ್ಟರು. ಅವರ ಬೆನ್ನಿಗೆ ಇರಾನ್ ಇತ್ತು. ದಕ್ಷಿಣದಲ್ಲಿ ಬೇರೆ ರಾಜ್ಯ ಕೇಳುವವರ ಬೆನ್ನಿಗೆ ಯುಎಇ ನಿಂತಿತು. 2019ರಲ್ಲಿ ಒಕ್ಕೂಟದ ಈ ಮಿತ್ರರೇ ಏಡನ್‌ಗಾಗಿ ಪರಸ್ಪರ ಗುಂಡು ಹಾರಿಸಿದರು. ಅಮೆರಿಕ, ಬ್ರಿಟನ್ ಒಂದು ಕೈಯಿಂದ ಆಯುಧ ಮಾರಿ, ಇನ್ನೊಂದು ಕೈಯಿಂದ ನೆರವು ಕೊಟ್ಟವು. ಅಮೆರಿಕದ ಪಾಲನ್ನು ನಿಲ್ಲಿಸಬೇಕೆಂದು 2019ರಲ್ಲಿ ಅಲ್ಲಿಯ ಸಂಸತ್ತೇ ತೀರ್ಮಾನಿಸಿದಾಗ ಅಧ್ಯಕ್ಷ ಟ್ರಂಪ್ ವೀಟೋ ಹಾಕಿದರು. "ಎಲ್ಲ ಅಮೆರಿಕದ ಆಟ" ಎಂದ ನಮ್ಮ ಹಿರಿಯರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆ ಆಟದಲ್ಲಿ ನಮ್ಮವರೆನಿಸಿಕೊಂಡವರೂ ಕಾಯಿ ನಡೆಸಿದರು ಎಂಬುದನ್ನು ಆ ಮಾತು ಮುಚ್ಚಿಡುತ್ತದೆ.

ಬಾಂಬಿಗಿಂತ ಹೆಚ್ಚು ಕೊಂದದ್ದು ಕಚೇರಿಯ ತೀರ್ಮಾನಗಳು. ತಿನ್ನುವ ಧಾನ್ಯದ ಬಹುಪಾಲನ್ನು ಹೊರಗಿನಿಂದ ತರಿಸುವ ದೇಶದ ಬಂದರುಗಳನ್ನು 2017ರ ನವೆಂಬರ್‌ನಲ್ಲಿ ಒಕ್ಕೂಟ ಮುಚ್ಚಿತು. 2016ರಲ್ಲಿ ಕೇಂದ್ರ ಬ್ಯಾಂಕನ್ನು ಸನಾದಿಂದ ಏಡನ್‌ಗೆ ಸಾಗಿಸಿದ ಮೇಲೆ ಉತ್ತರದ ಶಿಕ್ಷಕರು, ದಾದಿಯರು, ಪೌರಕಾರ್ಮಿಕರು ಸಂಬಳ ಕಾಣದೆ ಉಳಿದರು. ಕಸ ಎತ್ತುವವರಿಲ್ಲ, ನೀರಿನ ಪಂಪಿಗೆ ಡೀಸೆಲ್ ಇಲ್ಲ. 2017ರ ಕೊನೆಗೆ ಕಾಲರಾದ ಶಂಕಿತ ಪ್ರಕರಣಗಳು ಹತ್ತು ಲಕ್ಷ ದಾಟಿದವು.

ಸಣ್ಣ ಒಪ್ಪಂದಗಳ ಬರಕತ್

ಈ ಕತ್ತಲಲ್ಲಿ ಕೆಲವು ಕೆಲಸಗಳು ಮಾತ್ರ ಫಲಿಸಿದವು, ಅವೆಲ್ಲ ಜನರ ಅನ್ನ ಮತ್ತು ಜೀವಕ್ಕೆ ನೇರ ಸಂಬಂಧಪಟ್ಟವು. 2018ರ ಡಿಸೆಂಬರ್‌ನಲ್ಲಿ ಮಾರ್ಟಿನ್ ಗ್ರಿಫಿತ್ಸ್ ಮಧ್ಯಸ್ಥಿಕೆಯಲ್ಲಿ ಸ್ಟಾಕ್‌ಹೋಮ್ ಒಪ್ಪಂದವಾಗಿ ಹುದೈದಾ ಬಂದರಿನ ಮೇಲೆ ಆಗಲಿದ್ದ ದೊಡ್ಡ ಯುದ್ಧ ತಪ್ಪಿತು. ಉತ್ತರದ ಜನರ ಹಿಟ್ಟು, ಮದ್ದು ಬರುವುದು ಆ ಬಂದರಿನಿಂದ. 2020ರ ಅಕ್ಟೋಬರ್‌ನಲ್ಲಿ ರೆಡ್ ಕ್ರಾಸ್ ವಿಮಾನಗಳಲ್ಲಿ ಎರಡೂ ಕಡೆಯ ಸಾವಿರಕ್ಕೂ ಹೆಚ್ಚು ಕೈದಿಗಳು ಮನೆ ಸೇರಿದರು. 2022ರ ಏಪ್ರಿಲ್ 2ರಂದು, ರಮಝಾನಿನ ಆರಂಭಕ್ಕೆ, ಹಾನ್ಸ್ ಗ್ರುಂಡ್‌ಬರ್ಗ್ ಅವರ ಯತ್ನದಿಂದ ಕದನವಿರಾಮ ಬಂತು. ಇಂಧನದ ಹಡಗುಗಳು ಬಂದವು, ಸುಮಾರು ಆರು ವರ್ಷಗಳ ನಂತರ ಸನಾದಿಂದ ಪ್ರಯಾಣಿಕರ ವಿಮಾನ ಹಾರಿ ರೋಗಿಗಳು ಅಮ್ಮಾನ್ ತಲಪಿದರು. ಅಕ್ಟೋಬರ್‌ನಲ್ಲಿ ಅದರ ಅವಧಿ ಮುಗಿದರೂ ಹಿಂದಿನಂಥ ಪೂರ್ಣ ಯುದ್ಧ ಕೂಡಲೇ ಮರಳಲಿಲ್ಲ. 2023ರಲ್ಲಿ ಕೆಂಪು ಸಮುದ್ರದಲ್ಲಿ ಕೊಳೆಯುತ್ತಾ ನಿಂತಿದ್ದ ಸೇಫರ್ ಎಂಬ ಹಡಗಿನಿಂದ 11 ಲಕ್ಷ ಬ್ಯಾರೆಲ್‌ಗೂ ಹೆಚ್ಚು ಎಣ್ಣೆಯನ್ನು ಬೇರೆ ಹಡಗಿಗೆ ವರ್ಗಾಯಿಸಿ ಮೀನುಗಾರರ ಬದುಕನ್ನು ವಿಶ್ವಸಂಸ್ಥೆ ಕಾಪಾಡಿತು.

ನಮ್ಮ ದೇಶವೂ ನೆನಪಿನಲ್ಲಿಡಬೇಕಾದ ಕೆಲಸ ಮಾಡಿತು. 2015ರ ಏಪ್ರಿಲ್‌ನಲ್ಲಿ 'ಆಪರೇಷನ್ ರಾಹತ್' ಮೂಲಕ 4,600ಕ್ಕೂ ಹೆಚ್ಚು ಭಾರತೀಯರನ್ನೂ, 40ಕ್ಕೂ ಹೆಚ್ಚು ದೇಶಗಳ 900ಕ್ಕೂ ಹೆಚ್ಚು ಜನರನ್ನೂ ಹಡಗು, ವಿಮಾನಗಳಲ್ಲಿ ಹೊರತಂದಿತು. ಗುಂಡಿನ ಸದ್ದಿನ ನಡುವೆ ನಮ್ಮ ನೌಕಾಪಡೆ ಏಡನ್‌ಗೆ ಹೋದಾಗ ಹಡಗು ಹತ್ತುವವರ ಧರ್ಮವನ್ನು ಯಾರೂ ಕೇಳಲಿಲ್ಲ.

ನಮ್ಮ ಮಜ್ಲಿಸ್‌ಗಳಿಗೆ

ಈ ಚರಿತ್ರೆಯನ್ನು ಓದುವಾಗ ನಮ್ಮದೇ ಒಂದು ತಪ್ಪು ನೆನಪಾಗುತ್ತದೆ. ಹಲವು ವರ್ಷಗಳ ಹಿಂದೆ ಒಂದು ಮನೆಯ ಆಸ್ತಿ ಜಗಳವನ್ನು ಸುಲಹ್ ಮಾಡಿಸಲು ನಾವು ಹಿರಿಯರೊಂದಿಗೆ ಕುಳಿತಿದ್ದೆವು. ಇಬ್ಬರು ಅಣ್ಣತಮ್ಮಂದಿರು ಜೋರಾಗಿ ಕೂಗಾಡುತ್ತಿದ್ದರು. ಅವರಿಬ್ಬರನ್ನು ಒಪ್ಪಿಸಿದರೆ ಸಾಕೆಂದುಕೊಂಡೆವು. ಕಾಗದವಾಯಿತು, ಸಲಾಂ ಹೇಳಿ ಅಪ್ಪಿಕೊಂಡರು, ಚಹಾ ಕುಡಿದು ಎದ್ದೆವು. ಒಳಗೆ ಬಾಗಿಲ ಹಿಂದೆ ನಿಂತಿದ್ದ ವಿಧವೆ ಸಹೋದರಿಯ ಪಾಲಿನ ಬಗ್ಗೆ ಯಾರೂ ಕೇಳಿರಲಿಲ್ಲ. ಎರಡು ವರ್ಷಕ್ಕೆ ವಿಷಯ ಕೋರ್ಟಿಗೆ ಹೋಯಿತು. ಆ ಕಾಗದಕ್ಕೆ ಸಾಕ್ಷಿ ಹಾಕಿದವರಲ್ಲಿ ನಾವೂ ಒಬ್ಬರು.

ಕೂಗುವವರನ್ನು ಸುಮ್ಮನಾಗಿಸುವುದು ಸುಲಹ್‌ನ ಅರ್ಧ ಮಾತ್ರ. ಹಕ್ಕು ಕಳಕೊಂಡವರನ್ನು ಕೇಳುವುದು ಉಳಿದರ್ಧ. ಯಮನ್‌ನಲ್ಲಿ ದೊಡ್ಡವರು ಮೊದಲರ್ಧ ಮಾಡಿ ಎದ್ದರು. ನಮ್ಮ ಮನೆ, ಮಹಲ್ಲಾ, ಮಸೀದಿ ಕಮಿಟಿಗಳಲ್ಲಿ ನಾವೂ ಎಷ್ಟೋ ಸಲ ಹಾಗೆಯೇ ಮಾಡುತ್ತೇವೆ.

ಮದೀನಾದಿಂದ ಪ್ರವಾದಿ(ಸ)ರು ಮುಆದ್ ಬಿನ್ ಜಬಲ್(ರ) ಮತ್ತು ಅಬೂ ಮೂಸಾ ಅಲ್ ಅಶ್‌ಅರೀ(ರ) ಅವರನ್ನು ಯಮನ್‌ನ ಎರಡು ಭಾಗಗಳಿಗೆ ಕಳಿಸಿದ್ದರು. ಜನರಿಗೆ ಹಗುರ ಮಾಡಿ, ನೀವಿಬ್ಬರೂ ಹೊಂದಿಕೊಂಡು ನಡೆಯಿರಿ ಎಂದು ತಿಳಿಹೇಳಿದ್ದರು. ಮುಆದ್‌ರಿಗೆ ಕೊಟ್ಟ ಸೂಚನೆಗಳಲ್ಲಿ ಒಂದು, ಮರ್ದಿತನ ಮೊರೆಗೆ ಅಂಜಬೇಕೆಂಬುದು. ಆ ಮೊರೆಗೂ ಅಲ್ಲಾಹನಿಗೂ ನಡುವೆ ಪರದೆ ಇಲ್ಲವೆಂದು ಎಚ್ಚರಿಸಿದ್ದರು. ಯಮನ್‌ಗೆ ಹೊರಟ ದೂತನಿಗೆ ಈ ಮಾತು ಹೇಳಲಾಗಿತ್ತು ಎಂಬುದನ್ನು ನಾವು ಮರೆಯಬಾರದು.

ಆ ಯುವಕ ಕೇಳಿದ್ದ: ಯಾರ ಪರವಾಗಿ ದುಆ? ಮಗನೇ, ಕೋಣೆಯ ಹೊರಗೆ ನಿಲ್ಲಿಸಲ್ಪಟ್ಟವರ ಪರವಾಗಿ. ಹುದೈದಾದ ಮೀನುಗಾರನಿಗಾಗಿ, ಸಂಬಳವಿಲ್ಲದೆ ಪಾಠ ಹೇಳುವ ಸನಾದ ಶಿಕ್ಷಕಿಗಾಗಿ, ತಈಝ್‌ನ ತಾಯಿಗಾಗಿ. ಅವರು ಝೈದಿಯೋ ಶಾಫಿಈಯೋ ಎಂದು ಕೇಳಬೇಡ. ಅಲ್ಲಾಹನು ಆ ನಾಡಿಗೆ ನ್ಯಾಯದಿಂದ ಕೂಡಿದ ಶಾಂತಿಯನ್ನು ಕೊಡಲಿ, ನಮ್ಮ ಮಜ್ಲಿಸ್‌ಗಳಲ್ಲಿ ಬಾಗಿಲ ಹಿಂದೆ ನಿಂತವರ ದನಿ ಕೇಳುವ ಕಿವಿಯನ್ನು ನಮಗೆ ಕೊಡಲಿ. ಆಮೀನ್.